ಬಲ ಭುಜದ ನೋವು, ಬೀಳುವ ಸಕ್ಕರೆ: ಹೊಟ್ಟೆಯ ಸ್ಕ್ಯಾನ್ ಕೇಳಿ ಮಾಡಿಸಿಕೊಳ್ಳಿ

ನಮ್ಮ ಸೋದರಮಾವ ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಮೆಣಸು ಕೊಯ್ಲಿನ ಹೊತ್ತಿಗೆ ಅವರಿಗೆ ಬಲ ಭುಜ ನೋಯತೊಡಗಿತು. ಚಿಕ್ಕಮಗಳೂರಿನ ಮೂಳೆ ವೈದ್ಯರೊಬ್ಬರು, ‘ಸಕ್ಕರೆ ಕಾಯಿಲೆಯವರಿಗೆ ಇದು ಮಾಮೂಲು, ಫ್ರೋಜನ್ ಶೋಲ್ಡರ್’ ಎಂದು ಚೀಟಿ ಬರೆದು ಫಿಸಿಯೋಥೆರಪಿಗೆ ಕಳಿಸಿದರು. ಭುಜ ಹಾಗೆ ಬಿಗಿದವರ ಕೈಯನ್ನು ಇನ್ನೊಬ್ಬರು ಹಿಡಿದೆತ್ತಿದರೂ ಸಲೀಸಾಗಿ ಮೇಲೇಳುವುದಿಲ್ಲ. ನಮ್ಮ ಮಾವನೋ, ಆಳು ಸಿಗದೆ ತಾವೇ ಏಣಿ ಹತ್ತಿ, ಎಡಗೈಯಲ್ಲಿ ಸಿಲ್ವರ್ ಮರ ತಬ್ಬಿ, ಬಲಗೈ ತಲೆಯ ಮೇಲೆ ಚಾಚಿ ಮೆಣಸು ಕೊಯ್ಯುತ್ತಿದ್ದರು! ಕೈ ಎತ್ತಿ ತೋರಿಸಿ ಎಂದು ಆ ವೈದ್ಯರು ಒಮ್ಮೆಯೂ ಕೇಳಲಿಲ್ಲ.

ಅಷ್ಟರಲ್ಲಿ ಬೆಳಗಿನ ಜಾವ ಮೈಯೆಲ್ಲ ಬೆವರಿ ಮಾತು ತೊದಲತೊಡಗಿತು. ಅತ್ತೆ ಬೆಲ್ಲದ ನೀರು ಕುಡಿಸಿದರೆ ಸರಿಹೋಗುತ್ತಿತ್ತು. ಒಂದು ದಿನ ಗ್ಲುಕೋಮೀಟರ್ 48 ತೋರಿಸಿತು. ಹಾಸನದ ತಜ್ಞರು ಮಾತ್ರೆ ನಿಲ್ಲಿಸಿ, ‘ಸಕ್ಕರೆ ಹತೋಟಿಗೆ ಬಂದಿದೆ, ಅದೃಷ್ಟವಂತರು’ ಎಂದರು. ಮಾತ್ರೆ ಬಿಟ್ಟು ವಾರಗಳು ಕಳೆದರೂ ಸಕ್ಕರೆ ಬೀಳುತ್ತಲೇ ಇತ್ತು. ಹಿಮೋಗ್ಲೋಬಿನ್ ಇರಬೇಕಾದ್ದಕ್ಕಿಂತ ಹೆಚ್ಚಾಗಿ 18 ದಾಟಿತ್ತು; ಅದಕ್ಕೂ ಶಹಬ್ಬಾಸ್. ತೂಕ ಇಳಿದದ್ದು ಪಥ್ಯದ ಫಲವಂತೆ.

ಕಾಮಾಲೆಯಿಲ್ಲ, ಹೊಟ್ಟೆನೋವಿಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ಹಾಗಾಗಿ ಲಿವರ್ ಕಡೆಗೆ ಯಾರ ಗಮನವೂ ಹರಿಯಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಒಬ್ಬ ಕಿರಿಯ ವೈದ್ಯೆ ಅವರನ್ನು ಮಲಗಿಸಿ, ಬಲ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ, ‘ಉಸಿರು ಎಳೆದುಕೊಳ್ಳಿ’ ಎಂದರು. ಗಟ್ಟಿ ಅಂಚು ಕೈಗೆ ತಾಗಿತು. ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಆದವು. ಲಿವರ್ ಕ್ಯಾನ್ಸರ್. ಜೊತೆಗೆ ಎಂದಿನಿಂದಲೋ ಇದ್ದ ಹೆಪಟೈಟಿಸ್ ಬಿ ಎಂಬ ಲಿವರ್‌ನ ವೈರಸ್ ಸೋಂಕು. ಶಸ್ತ್ರಚಿಕಿತ್ಸೆಯ ಹಂತ ಮೀರಿತ್ತು, ಈಗ ಔಷಧಿಯಲ್ಲಿದ್ದಾರೆ.

ಲಿವರ್‌ನ ಗಡ್ಡೆ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು, ಕೆರಳಿಸಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ಎರಡರ ನರಗಳೂ ಕುತ್ತಿಗೆಯ ಒಂದೇ ಭಾಗದಿಂದ ಹೊರಡುತ್ತವೆ. ಕೆಲವು ಗಡ್ಡೆಗಳು ಇನ್ಸುಲಿನ್‌ನಂತೆ ವರ್ತಿಸುವ ವಸ್ತುವನ್ನು ಸ್ರವಿಸಿ ಸಕ್ಕರೆ ಇಳಿಸುತ್ತವೆ, ಇನ್ನು ಕೆಲವು ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೋಪೊಯಿಟಿನ್ ಎಂಬ ಹಾರ್ಮೋನ್ ಸ್ರವಿಸಿ ಹಿಮೋಗ್ಲೋಬಿನ್ ಏರಿಸುತ್ತವೆ. ಅಪರೂಪ, ನಿಜ. ಆದರೆ ಅಲ್ಟ್ರಾಸೌಂಡ್ ನಮ್ಮ ಊರುಗಳಲ್ಲಿ ಅಪರೂಪವೇ?

ಮೂಳೆಗೊಬ್ಬರು, ಸಕ್ಕರೆಗೊಬ್ಬರು ಎಂದು ಓಡಾಡುವವರು ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿಟ್ಟು ಎಲ್ಲರಿಗೂ ತೋರಿಸಿ. ಔಷಧಿಯಿಲ್ಲದೆಯೂ ಸಕ್ಕರೆ ಬೀಳುತ್ತಿದ್ದರೆ ಕಾರಣ ಹೇಳುವವರೆಗೆ ಎದ್ದು ಬರಬೇಡಿ. ಲಿವರ್ ಕ್ಯಾನ್ಸರ್‌ನ ಸುಳಿವಿಗಾಗಿ ಮಾಡುವ ಎಎಫ್‌ಪಿ ರಕ್ತಪರೀಕ್ಷೆಯೊಂದನ್ನೇ ನಂಬಬೇಡಿ, ಕ್ಯಾನ್ಸರ್ ಇದ್ದಾಗಲೂ ಅದು ಸರಿಯಾಗಿಯೇ ಬರಬಹುದು. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಅಥವಾ ಹೆಪಟೈಟಿಸ್ ಬಿ ಇರುವವರು, ಆರೋಗ್ಯವಾಗಿದ್ದರೂ 6 ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದ್ದರೆ ಉಳಿದವರೂ ಪರೀಕ್ಷಿಸಿಕೊಳ್ಳಿ. ಸೋಂಕಿಲ್ಲದವರಿಗೆ ಲಸಿಕೆ ಇದೆ.