ವಾಚು ಸಂಗ್ರಾಹಕರಿಗೆ ಮೂರು ಸಾವಿರದೊಳಗೆ ಏನು ಕೊಡಬಹುದು: ಕೊಟ್ಟು ನೋಡಿದ ಉಡುಗೊರೆಗಳ ಹೋಲಿಕೆ

ವಾಚು ಸಂಗ್ರಹಿಸುವವರಿಗೆ ಉಡುಗೊರೆ ಆರಿಸುವಾಗ ಹಣದ ಮಿತಿಗಿಂತಲೂ ದೊಡ್ಡ ತೊಡಕೊಂದಿದೆ. ತಮಗೆ ಯಾವ ವಾಚು ಬೇಕು, ಯಾವುದು ಬೇಡ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಡಯಲ್ಲಿನ ಬಣ್ಣದಿಂದ ಹಿಡಿದು ಮುಳ್ಳಿನ ಆಕಾರದವರೆಗೆ ಎಲ್ಲವನ್ನೂ ಅಳೆದು ತೂಗಿ, ತಿಂಗಳುಗಟ್ಟಲೆ ಕಾದು ಕೊಳ್ಳುವವರು ಅವರು. ಮಲ್ಲೇಶ್ವರದಲ್ಲಿರುವ ನನ್ನ ಭಾವನವರು ಅಂಥವರಲ್ಲೊಬ್ಬರು. ಅವರ ಬಳಿ ಎಚ್‌ಎಂಟಿಯ ಕೀ ಕೊಡುವ ವಾಚುಗಳೇ ಹೆಚ್ಚು, ಜೊತೆಗೆ ಕೈಯ ಚಲನೆಯಿಂದಲೇ ಕೀ ಸುತ್ತಿಕೊಳ್ಳುವ ಕೆಲವು ಆಟೊಮ್ಯಾಟಿಕ್‌ಗಳೂ ಬ್ಯಾಟರಿಯಿಂದ ಓಡುವ, ಆರಂಭದ ವರ್ಷಗಳ ಟೈಟನ್ ಕ್ವಾರ್ಟ್ಜ್‌ಗಳೂ ಇವೆ. ಹುಟ್ಟುಹಬ್ಬಕ್ಕೆ, ದೀಪಾವಳಿಗೆ, ಕಡೆಗೆ ಅವರ ಷಷ್ಟಿಪೂರ್ತಿಗೆ ನಾನು 3,000 ರೂಪಾಯಿಯ ಮಿತಿಯೊಳಗೆ ಬೇರೆ ಬೇರೆ ವಸ್ತುಗಳನ್ನು ಕೊಡುತ್ತಾ ಬಂದಿದ್ದೇನೆ, ಯಾವುದು ಬಳಕೆಗೆ ಬಂತು, ಯಾವುದು ಬೀರುವಿನಲ್ಲೇ ಉಳಿಯಿತು ಎಂಬುದನ್ನು ಗಮನಿಸುತ್ತಲೂ ಬಂದಿದ್ದೇನೆ. ಇಷ್ಟು ಹಣದಲ್ಲಿ ಇನ್ನೊಂದು ವಾಚು ಕೊಡುವುದಕ್ಕಿಂತ, ಅವರ ಪೆಟ್ಟಿಗೆಯಲ್ಲಿ ಈಗಾಗಲೇ ಇರುವ ವಾಚೊಂದನ್ನು ಮತ್ತೆ ಕೈಗೆ ಕಟ್ಟಿಕೊಳ್ಳುವಂತೆ ಮಾಡುವ ಉಡುಗೊರೆಯೇ ಮೇಲು ಎಂಬುದು ನನ್ನ ನಿಲುವು.

ಆದರೂ ಬೆಂಗಳೂರಿನವರಿಗೆ ಮೊದಲು ತೋಚುವುದು ಹಳೆಯ ಎಚ್‌ಎಂಟಿಯೇ, ಹಾಗೆ ತೋಚುವುದು ಸಹಜವೂ ಹೌದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಎಚ್‌ಎಂಟಿ ವಾಚು ತಯಾರಿಕೆಯನ್ನು ಆರಂಭಿಸಿದ್ದು ಇದೇ ಊರಿನಲ್ಲಿ. ಜನತಾ, ಪೈಲಟ್, ಸೋನಾ, ಕೊಹಿನೂರ್ ಎಂಬ ಹೆಸರುಗಳನ್ನು ಕೇಳದ ಮನೆ ಇಲ್ಲಿ ಅಪರೂಪ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ಭಾನುವಾರ ನೆರೆಯುವ ಸಂತೆಯಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಎರಡು ಸಾವಿರದ ಆಸುಪಾಸಿನಲ್ಲಿ ಒಂದು ಜನತಾ ಸಿಗುತ್ತದೆ. ಆದರೆ ಹಾಗೆ ಸಿಗುವ ಅನೇಕ ವಾಚುಗಳ ಡಯಲ್ಲು ಕಾರ್ಖಾನೆಯದ್ದಲ್ಲ, ಇತ್ತೀಚೆಗೆ ಬಣ್ಣ ಬಳಿದು ಮತ್ತೆ ಅಚ್ಚು ಹಾಕಿದ್ದು. ಒಮ್ಮೆ ಭಾವನವರ ಜೊತೆ ಸಂತೆಗೆ ಹೋಗಿದ್ದಾಗ ಗಿಳಿಹಸಿರು ಡಯಲ್ಲಿನ ಜನತಾ ಒಂದನ್ನು ಅವರು ಕೈಗೆತ್ತಿಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿ, ನನ್ನ ಕಡೆಗೆ ಚಾಚಿ, "ಅಕ್ಷರದ ಅಂಚು ನೋಡಪ್ಪ, ಮಸಿ ಹೇಗೆ ಹರಡಿದೆ" ಎಂದರು. ಬರಿಗಣ್ಣಿಗೆ ಚೊಕ್ಕಟವಾಗಿ ಕಾಣುತ್ತಿದ್ದ '17 ಜ್ಯುಯೆಲ್ಸ್' ಎಂಬ ಬರಹ ಮಸೂರದಡಿಯಲ್ಲಿ ಒದ್ದೆ ಕಾಗದದ ಮೇಲೆ ಬರೆದಂತಿತ್ತು. ನಿಮಿಷದ ಮುಳ್ಳು ಅಂಚಿನ ಗೆರೆಗಳನ್ನು ಮುಟ್ಟದೆ ಒಳಗೇ ನಿಂತಿತ್ತು, ಅಂದರೆ ಅದೂ ಬೇರೆ ವಾಚಿನದ್ದು. ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಇಂಥ ವಾಚು ಸಮಯವನ್ನು ಸರಿಯಾಗಿಯೇ ತೋರಿಸಬಹುದು, ಆದರೆ ಸಂಗ್ರಾಹಕರ ಪಾಲಿಗೆ ಅದಕ್ಕೆ ಬೆಲೆಯಿಲ್ಲ, ಕೊಟ್ಟವರ ಮುಖ ನೋಡಿ ಅವರು ಹಾಗೆಂದು ಹೇಳುವುದೂ ಇಲ್ಲ. ಮೂಲ ಬಿಲ್ಲು ಉಳಿಸಿಕೊಂಡಿರುವ ಪರಿಚಿತರ ಮನೆಯಿಂದ ಬಂದ ವಾಚಾದರೆ ಮಾತ್ರ ಈ ಆಯ್ಕೆಗೆ ನಾನು ಒಪ್ಪುತ್ತೇನೆ.

ಹೊಸ ವಾಚೇ ಕೊಡಬೇಕೆಂದಿದ್ದರೆ ಕ್ಯಾಸಿಯೊ ಎಫ್-91ಡಬ್ಲ್ಯು ಇದೆ. 1989ರಿಂದ ಹೆಚ್ಚೇನೂ ಬದಲಾಗದೆ ಬಂದಿರುವ, ಬ್ಯಾಟರಿ ಸುಮಾರು ಏಳು ವರ್ಷ ಬಾಳುವ ಈ ಡಿಜಿಟಲ್ ವಾಚಿಗೆ ಸಂಗ್ರಾಹಕರ ನಡುವೆಯೂ ಗೌರವವಿದೆ, ಬೆಲೆಯೂ ಮಿತಿಯ ಅರ್ಧದಷ್ಟೇ ಆಗುತ್ತದೆ. ಭಾವನವರು ಅದನ್ನು ಬೆಳಗಿನ ವಾಕಿಂಗಿಗೆ ಕಟ್ಟಿಕೊಳ್ಳುತ್ತಾರೆ. ಕೀ ಕೊಡುವ ವಾಚುಗಳ ಮೇಲೆಯೇ ಜೀವವಿಟ್ಟವರಿಗೆ ಇದು ಅಷ್ಟಕ್ಕೇ ನಿಲ್ಲುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ಬೆಲ್ಟು. ಹಳೆಯ ವಾಚು ಪೆಟ್ಟಿಗೆಯಲ್ಲೇ ಉಳಿಯಲು ಬಹುಮಟ್ಟಿಗೆ ಕಾರಣ ಯಂತ್ರ ಕೆಟ್ಟದ್ದಲ್ಲ, ಬೆಲ್ಟು ಬಿರುಕು ಬಿಟ್ಟದ್ದು ಅಥವಾ ಆ ವಾಚಿಗೆ ಒಪ್ಪದ ಅಗ್ಗದ ಬೆಲ್ಟನ್ನು ತಾತ್ಕಾಲಿಕವಾಗಿ ಹಾಕಿಟ್ಟದ್ದು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯೊಂದರಲ್ಲಿ ಚರ್ಮದ ಕೆಲಸ ಮಾಡುವವರಿಂದ ಭಾವನವರ ಪೈಲಟ್‌ಗಾಗಿ ಕಂದು ಬಣ್ಣದ ಬೆಲ್ಟೊಂದನ್ನು ಕೈಹೊಲಿಗೆಯಲ್ಲಿ ಮಾಡಿಸಿದ್ದೆ. ಬೆಲ್ಟು ಸಿಕ್ಕಿಸಲು ವಾಚಿನ ಕೇಸಿಗಿರುವ ಕೊಂಬುಗಳ, ಅಂದರೆ ಲಗ್‌ಗಳ ಬಳಿ 18 ಮಿಲಿಮೀಟರ್ ಅಗಲವಿದ್ದು ಬಕಲ್ಲಿನ ಬಳಿ 16ಕ್ಕೆ ಇಳಿಯುವಂತೆ, ತೆಳ್ಳಗೆ, ಒಳಗೆ ಮೆತ್ತೆಯಿಲ್ಲದಂತೆ ಮಾಡಿಕೊಡಲು ಹೇಳಿದ್ದೆ. ಇಂದಿನ ದೊಡ್ಡ ವಾಚುಗಳಿಗೆಂದು ಮಾಡಿದ ದಪ್ಪ ಬೆಲ್ಟು ಹಳೆಯ ಸಣ್ಣ ಕೇಸಿಗೆ ಹಾಕಿದರೆ ವಾಚೇ ಬೆಲ್ಟಿನ ನಡುವೆ ಹೂತುಹೋದಂತೆ ಕಾಣುತ್ತದೆ. ಸಸ್ಯಜನ್ಯ ಪದಾರ್ಥಗಳಿಂದ ಹದ ಮಾಡಿದ ಚರ್ಮ ಮೊದಲಿಗೆ ಬಿಗಿಯಾಗಿದ್ದು, ಕೆಲವು ವಾರಗಳಲ್ಲಿ ಮಣಿಕಟ್ಟಿನ ಆಕಾರಕ್ಕೆ ಬಗ್ಗಿ, ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಪೈಲಟ್ಟಿನ ಕಪ್ಪು ಡಯಲ್ಲಿಗೆ ಆ ಕಂದು ಎಷ್ಟು ಒಪ್ಪಿತೆಂದರೆ, ಷಷ್ಟಿಪೂರ್ತಿಯ ದಿನ ಹೊಸ ಪಂಚೆ, ಶಲ್ಯದ ಜೊತೆ ಅವರು ಕಟ್ಟಿಕೊಂಡಿದ್ದೂ ಅದೇ ವಾಚು.

ಇದಕ್ಕೆ ಪ್ರತಿಸ್ಪರ್ಧಿಯಾಗಿ ನೈಲಾನಿನ ನೇಟೊ ಬೆಲ್ಟನ್ನೂ ಕೊಟ್ಟು ನೋಡಿದ್ದೇನೆ. 1973ರಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ತನ್ನ ಪಡೆಗಳಿಗಾಗಿ ಗೊತ್ತುಪಡಿಸಿದ ಮಾದರಿಯಿದು. ಒಂದೇ ಪಟ್ಟಿ ವಾಚಿನ ಅಡಿಯಿಂದ ಹಾದುಹೋಗುವುದರಿಂದ ಬೆಲ್ಟನ್ನು ವಾಚಿಗೆ ಹಿಡಿದಿಡುವ ಸ್ಪ್ರಿಂಗ್ ಬಾರ್ ಎಂಬ ಸಣ್ಣ ಕಡ್ಡಿ ಒಂದು ಕಡೆ ಕಳಚಿಕೊಂಡರೂ ವಾಚು ನೆಲಕ್ಕೆ ಬೀಳುವುದಿಲ್ಲ, ಬೆವರಿಗೂ ಮಳೆಗೂ ಹೆದರಬೇಕಿಲ್ಲ, ಬೆಲೆಯೂ ಕೆಲವು ನೂರು ರೂಪಾಯಿ ಮಾತ್ರ. ಆದರೆ ಅಡಿಯಲ್ಲಿ ಎರಡು ಪದರ ಬಟ್ಟೆ ಸೇರುವುದರಿಂದ ತೆಳು ವಾಚು ಮಣಿಕಟ್ಟಿನ ಮೇಲೆ ಎತ್ತರವಾಗಿ ಕೂರುತ್ತದೆ, ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ. ಉಡುಗೊರೆಯೆಂದು ಒಂದನ್ನೇ ಆರಿಸಬೇಕಾದರೆ ನಾನು ಚರ್ಮದ್ದನ್ನೇ ಆರಿಸುತ್ತೇನೆ. ಹಣ ಉಳಿದರೆ ನೇಟೊ ಒಂದನ್ನು ಜೊತೆಗಿಡುವುದರಲ್ಲಿ ತಪ್ಪಿಲ್ಲ.

ಸಲಕರಣೆಗಳಲ್ಲಿ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ, ಸ್ಪ್ರಿಂಗ್ ಬಾರ್ ತೆಗೆಯುವ ಕವಲುಮೊನೆಯ ಕಡ್ಡಿ, ಅಕ್ರಿಲಿಕ್ ಗಾಜಿನ ಗೀರು ತಿಕ್ಕುವ ಪಾಲಿಷ್ ಎಲ್ಲವೂ ಉಪಯುಕ್ತವೇ, ಆದರೆ ಸಂಗ್ರಾಹಕರ ಬಳಿ ಅವು ಮೊದಲೇ ಇರುವ ಸಂಭವ ಹೆಚ್ಚು. ಬಹಳ ಜನರ ಬಳಿ ಇಲ್ಲದಿರುವುದು ಕಾಂತತ್ವ ತೆಗೆಯುವ ಸಣ್ಣ ಡಬ್ಬಿ. ಭಾವನವರ ಆಟೊಮ್ಯಾಟಿಕ್ ಒಂದು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿತ್ತು. ಲ್ಯಾಪ್‌ಟಾಪ್, ಸ್ಪೀಕರ್, ಆಯಸ್ಕಾಂತದ ಕೊಂಡಿಯಿರುವ ಮೊಬೈಲ್ ಕವರ್ ಇಂಥವುಗಳ ಹತ್ತಿರ ಇಟ್ಟಾಗ ವಾಚಿನೊಳಗಿನ ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿಗೆ ಕಾಂತತ್ವ ಹತ್ತಿ, ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಸ್ಪ್ರಿಂಗ್ ಗಿಡ್ಡವಾದಂತಾಗಿ ವಾಚು ವೇಗವಾಗಿ ಓಡುತ್ತದೆ. ನಾನು ಕೊಟ್ಟ ನೀಲಿ ಡಬ್ಬಿಯನ್ನು ಬಿಚ್ಚಿದ ಭಾವನವರು ಮೊದಲು ಆ ವಾಚನ್ನು ದಿಕ್ಸೂಚಿಯ ಪಕ್ಕಕ್ಕೆ ತಂದಾಗ ಸೂಜಿ ಸರಕ್ಕನೆ ಹೊರಳಿತು. ವಾಚನ್ನು ಡಬ್ಬಿಯ ಮೇಲಿಟ್ಟು, ಗುಂಡಿ ಒತ್ತಿಹಿಡಿದು, ನಿಧಾನವಾಗಿ ಮೇಲಕ್ಕೆತ್ತುತ್ತಾ ಒಂದು ಮೊಳ ದೂರ ಹೋದ ಮೇಲೆ ಗುಂಡಿ ಬಿಟ್ಟರು. ಮತ್ತೆ ದಿಕ್ಸೂಚಿಯ ಪಕ್ಕ ಹಿಡಿದಾಗ ಸೂಜಿ ಅಲುಗಲಿಲ್ಲ, ಮರುದಿನದಿಂದ ವಾಚಿನ ಓಟವೂ ಹದಕ್ಕೆ ಬಂತು. ಸಾವಿರದೊಳಗೆ ಸಿಗುವ ವಸ್ತುವೊಂದು ಇಷ್ಟು ಸಂತೋಷ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಲ್ಲ ವಾಚೂ ಕ್ವಾರ್ಟ್ಜ್ ಆಗಿರುವವರಿಗೆ ಮಾತ್ರ ಇದು ಬೇಕಾಗುವುದಿಲ್ಲ.

ಬೆಲ್ಟಿಗೆ ಸರಿಸಮನಾಗಿ ನಿಲ್ಲುವ ಇನ್ನೊಂದು ಉಡುಗೊರೆಯೆಂದರೆ ನಿಂತುಹೋದ ವಾಚಿನ ಸರ್ವಿಸ್ ಖರ್ಚನ್ನು ನಾವು ವಹಿಸಿಕೊಳ್ಳುವುದು. ಒಳಗಿನ ಎಣ್ಣೆ ಒಣಗಿ ನಿಂತ ಎಚ್‌ಎಂಟಿಯನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸುವ ಹಿರಿಯ ರಿಪೇರಿಯವರು ಅವೆನ್ಯೂ ರಸ್ತೆಯ ಕಡೆಯಲ್ಲೂ ಮಲ್ಲೇಶ್ವರದಲ್ಲೂ ಇನ್ನೂ ಇದ್ದಾರೆ, ಸಾವಿರದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ಮಾದರಿಗಳ ಬಿಡಿಭಾಗಗಳು ಹಳೆ ದಾಸ್ತಾನಿನಿಂದಲೋ ಇನ್ನೊಂದು ವಾಚಿನಿಂದಲೋ ಬರಬೇಕಾಗಿದೆ, ಆದ್ದರಿಂದ ಈ ಕೆಲಸವನ್ನು ಮುಂದೂಡದಿರುವುದು ಒಳ್ಳೆಯದು. ಕೇಸನ್ನು ಪಾಲಿಷ್ ಮಾಡಬಾರದು, ಡಯಲ್ಲನ್ನು ಮುಟ್ಟಬಾರದು, ಬದಲಿಸಿದ ಭಾಗವನ್ನು ಹಿಂದಿರುಗಿಸಬೇಕು ಎಂಬ ಮೂರು ಮಾತನ್ನು ಕೊಡುವಾಗಲೇ ಸ್ಪಷ್ಟಪಡಿಸಬೇಕು. ಭಾವನವರ ತಂದೆಯ ಜನತಾ ಹೀಗೆ ಮತ್ತೆ ಓಡಿದಾಗ ಅಕ್ಕನಿಗೂ ಸಂತೋಷವಾಯಿತು. ಕಟ್ಟಿ ಕೊಡಲು ಕೈಯಲ್ಲಿ ಒಂದು ವಸ್ತುವಿರುವುದಿಲ್ಲ ಎಂಬುದು ಮತ್ತು ವಾಚನ್ನು ಮೊದಲೇ ಅವರಿಂದ ಕೇಳಿ ಪಡೆಯಬೇಕಾಗುವುದರಿಂದ ಗುಟ್ಟು ಉಳಿಯುವುದಿಲ್ಲ ಎಂಬುದು ಇದರ ಕೊರತೆ.

ಅಗ್ಗದ ವಾಚು ಪೆಟ್ಟಿಗೆಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಒಳಗಿನ ದಿಂಬು ಸಣ್ಣ ಮಣಿಕಟ್ಟಿನ ಬೆಲ್ಟಿಗೆ ದೊಡ್ಡದಾಗಿ ಚರ್ಮವನ್ನು ಎಳೆಯುತ್ತದೆ. ವಾಚನ್ನು ತಿರುಗಿಸುತ್ತಲೇ ಇರುವ ವಿದ್ಯುತ್ ಯಂತ್ರ ಆಟೊಮ್ಯಾಟಿಕ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಕೀ ಕೊಡುವ ವಾಚಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಹಣ ತೀರಾ ಕಡಿಮೆಯಿದ್ದರೆ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಜೊತೆಯಲ್ಲಿ ಹೋಗಿ ಅರ್ಧ ದಿನ ಕಳೆಯುವುದು ಇವೆರಡಕ್ಕಿಂತಲೂ ಒಳ್ಳೆಯದು.

ಬೆಲ್ಟು ಮಾಡಿಸಬೇಕೆಂದಿರುವವರಿಗೆ ಬೇಕಾಗುವ ಅಳತೆ ಎರಡೇ. ಲಗ್‌ಗಳ ನಡುವಿನ ಅಂತರವನ್ನು ವಾಚಿನ ಒಡೆಯರಿಗೆ ತಿಳಿಯದಂತೆ ಪಡೆಯಲು ಹಳೆಯ ಬೆಲ್ಟಿನ ಒಳಮೈ ನೋಡಬೇಕು. 18 ಅಥವಾ 20 ಎಂಬ ಅಂಕಿ ಅಲ್ಲಿ ಒತ್ತಿರುವುದುಂಟು. ಇಲ್ಲದಿದ್ದರೆ ಮನೆಯವರ ಸಹಾಯದಿಂದ ವರ್ನಿಯರ್‌ನಲ್ಲಿ ಅಳೆಯಬೇಕು, ಏಕೆಂದರೆ 18ಕ್ಕೂ 19ಕ್ಕೂ ಇರುವ ವ್ಯತ್ಯಾಸ ಸಾಮಾನ್ಯ ಅಳತೆಪಟ್ಟಿಯಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಉದ್ದಕ್ಕಾಗಿ ಹಳೆಯ ಬೆಲ್ಟಿನಲ್ಲಿ ಸವೆದು ಹಿಗ್ಗಿದ ತೂತು ಯಾವುದೆಂದು ಗುರುತಿಸಿ, ಲಗ್ಗಿನಿಂದ ಅಲ್ಲಿಯವರೆಗಿನ ಅಳತೆಯನ್ನೂ ಬಕಲ್ಲಿರುವ ತುಂಡಿನ ಉದ್ದವನ್ನೂ ಹೊಲಿಯುವವರಿಗೆ ಕೊಟ್ಟರೆ, ಅವರು ಆ ತೂತನ್ನೇ ನಡುವಿಗಿಟ್ಟು ಎರಡೂ ಕಡೆ ಉಳಿದವನ್ನು ಹೊಡೆದುಕೊಡುತ್ತಾರೆ.