ಹಳೆ ಮನೆ ತಪಾಸಣೆ ಸೇವೆ: ಸೋರಿಕೆಗೆ ಸರಿ, ಕಾಂಕ್ರೀಟಿಗೆ ಸಾಲದು

ಬೆಂಗಳೂರಿನಲ್ಲಿ ಹಳೆ ಮನೆ ಕೊಳ್ಳುವವರಿಗೆ ಸಿಗುವ ತಪಾಸಣೆಯ ಮೂಲ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ತೇವಾಂಶ ಮೀಟರ್, ಥರ್ಮಲ್ ಕ್ಯಾಮೆರಾ, ಫೋಟೊ ತುಂಬಿದ ದಪ್ಪ ವರದಿ ಇರುತ್ತವೆ. ಸೋರಿಕೆ ಹುಡುಕಲು ಇಷ್ಟು ಸಾಕು. ಆದರೆ ಗೋಡೆಯ ಮೇಲೆ ಬಿಳಿ ಉಪ್ಪು ಒಸರಿದ್ದರೆ, ಪಿನ್ ಒತ್ತಿ ಅಳೆಯುವ ತೇವಾಂಶ ಮೀಟರ್ ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಕ್ಯಾಮೆರಾ ಕಾಣುವುದು ನೀರನ್ನಲ್ಲ, ಉಷ್ಣತೆಯ ವ್ಯತ್ಯಾಸವನ್ನು. ಎರಡೂ ಒಂದೇ ಜಾಗ ತೋರಿಸಿದರೆ ಮಾತ್ರ ನಂಬಿ.

ಸೇವೆ ಸೋಲುವುದು ಕಾಂಕ್ರೀಟಿನಲ್ಲಿ. ರೀಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಪುಟಿಯುವಿಕೆ ಅಳೆಯುವ ಸಾಧನ) ಕೊಡುವ ಅಂಕಿಯನ್ನೇ ಬಲವೆಂದು ಬರೆಯುವ ವರದಿ ಅಪಾಯಕಾರಿ: ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆದ ಹಳೆ ಮೇಲ್ಮೈ ಗಟ್ಟಿಯಾಗಿರುವುದರಿಂದ ಅಂಕಿ ಉಬ್ಬುತ್ತದೆ. ಒಡೆದ ಹೊಸ ಮುಖಕ್ಕೆ ಕ್ಷಾರ ಪರೀಕ್ಷಿಸುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಲು ಕೇಳಿ. ಗುಲಾಬಿಯಾದ ಭಾಗದಲ್ಲಿ ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದಿದೆ. ಬಣ್ಣ ಬಾರದ ಪದರ ಕಂಬಿಯ ತನಕ ಇಳಿದಿದ್ದರೆ ತುಕ್ಕಿಗೆ ತಡೆಯಿಲ್ಲ. ಕಂಬಿಯ ಉದ್ದಕ್ಕೇ ಓಡುವ ಬಿರುಕು, ತಟ್ಟಿದಾಗ ಬರುವ ಟೊಳ್ಳು ಸದ್ದು ತುಕ್ಕಿನ ಗುರುತು. ಅದರ ಮೇಲೆ ಬರೀ ಪ್ಲಾಸ್ಟರ್ ಬಳಿಯುವ ಸಲಹೆ ಬಂದರೆ ಒಪ್ಪಬೇಡಿ.

ಸಜ್ಜಾ, ಬಾಲ್ಕನಿಗಳನ್ನು ಕೆಳಗಿನಿಂದ ನೋಡಿ 'ಚೆನ್ನಾಗಿದೆ' ಎನ್ನುವುದು ಇನ್ನೊಂದು ದೋಷ. ಚಾಚಿದ ಸ್ಲ್ಯಾಬಿನ ಮುಖ್ಯ ಕಂಬಿ ಇರಬೇಕಾದದ್ದು ಮೇಲ್ಭಾಗದಲ್ಲಿ; ಕಾಂಕ್ರೀಟ್ ಹಾಕುವಾಗ ತುಳಿದು ಕೆಳಗಿಳಿದಿರುವುದೂ ಉಂಟು. ಗೋಡೆಯಂಚಿನ ಮೇಲ್ಮೈ ಬಿರುಕು ನೋಡಿಸಿ, ಕಾಂಕ್ರೀಟ್ ಒಡೆಯದೆ ಕಂಬಿ ಪತ್ತೆಹಚ್ಚುವ ಕವರ್ ಮೀಟರಿನಲ್ಲಿ ಕಂಬಿಯ ಆಳ ಅಳೆಸಿ. ಇದಕ್ಕೆ ಹೆಚ್ಚುವರಿ ಶುಲ್ಕ ಕೇಳಿದರೂ ಕೊಡುವುದು ಲೇಸು.

ವಿದ್ಯುತ್ ತಪಾಸಣೆ ಪರವಾಗಿಲ್ಲ. ಆದರೆ ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇದೆಯೇ ಎಂದಷ್ಟೇ ಬರೆದರೆ ಸಾಲದು, ಟೆಸ್ಟರ್ ಹಾಕಿ ಟ್ರಿಪ್ ಮಾಡಿಸಬೇಕು. ಮೂರು ಪಿನ್ ಸಾಕೆಟ್ ಇದ್ದರೂ ಹಿಂದೆ ಅರ್ತ್ ತಂತಿಯೇ ಇಲ್ಲದಿರಬಹುದು.