ನಾಲ್ಕರಿಂದ ಮೂರಕ್ಕೆ ಇಳಿದ ಸ್ವಿಫ್ಟ್: ಆಗುಂಬೆ ಘಟ್ಟ ಹತ್ತಿಳಿದ ಮೇಲೆ

2009ರ ಮಾರುತಿ ಸ್ವಿಫ್ಟ್ ಅನ್ನು ಹದಿನೈದು ವರ್ಷ ಓಡಿಸಿ, ಅದೇ ಹೆಸರಿನ ಹೊಸ ಕಾರನ್ನು ಮನೆಗೆ ತಂದ ದಿನ, ಬಾನೆಟ್ ಎತ್ತಿ ನೋಡಿದ ಅಪ್ಪ ಮೊದಲು ಕೇಳಿದ್ದು ಇಷ್ಟು: "ಇದರಲ್ಲಿ ಮೂರೇ ಸಿಲಿಂಡರ್ ಅಂತಲ್ಲೋ, ನಾಲ್ಕನೆಯದರ ದುಡ್ಡು ಕಡಿಮೆ ಮಾಡಿದರೇನು?" ಅವರ ಪ್ರಶ್ನೆ ತಮಾಷೆಯದಾದರೂ, ಈ ಕಾರನ್ನು ಕೊಳ್ಳಬೇಕೆಂದಿರುವವರು ಯೋಚಿಸಬೇಕಾದದ್ದು ಅದನ್ನೇ. ಸಿಲಿಂಡರ್ ಎಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಉರಿದು ಪಿಸ್ಟನ್ ಅನ್ನು ತಳ್ಳುವ ಕೊಳವೆ.

ಹಳೆಯ ಕಾರಿನದು 1298 ಸಿಸಿ ಎಂಜಿನ್, ಅಂದರೆ ಅದರ ಸಿಲಿಂಡರುಗಳ ಒಟ್ಟು ಗಾತ್ರ ಅಷ್ಟು ಘನ ಸೆಂಟಿಮೀಟರ್. ನಾಲ್ಕು ಮೀಟರಿಗಿಂತ ಗಿಡ್ಡದಾದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ 2006ರ ಬಜೆಟ್‌ನಲ್ಲಿ ಅಬಕಾರಿ ಸುಂಕ ಇಳಿಸಿದ ಮೇಲೆ ಆ ಗೆರೆಯೊಳಗೆ ಉಳಿಯುವುದೇ ಕಂಪನಿಗಳ ಲೆಕ್ಕಾಚಾರವಾಯಿತು. 2010ರಲ್ಲಿ ಸ್ವಿಫ್ಟ್ ಕೂಡ 1197 ಸಿಸಿಗೆ ಇಳಿಯಿತು. ಈಗಲೂ ಜಿಎಸ್‌ಟಿಯಲ್ಲಿ ಅದೇ ಗೆರೆ ಉಳಿದಿದ್ದು, 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಪೆಟ್ರೋಲ್ ಕಾರಿಗೆ ಶೇ. 18, ಹೊರಗಿನದಕ್ಕೆ ಶೇ. 40 ತೆರಿಗೆ ಬೀಳುತ್ತದೆ. 2024ರ ಮೇ ತಿಂಗಳಲ್ಲಿ ಬಂದ ಹೊಸ ಮಾದರಿಯಲ್ಲಿ ಸಿಸಿ ಬದಲಾಗದೆ ಸಿಲಿಂಡರ್ ಮಾತ್ರ ಒಂದು ಕಡಿಮೆಯಾಗಿದೆ. ಅಂದರೆ ಹಿಂದೆ ಒಂದೊಂದು ಸಿಲಿಂಡರ್ ಸುಮಾರು 299 ಸಿಸಿ ಇದ್ದದ್ದು ಈಗ 399 ಸಿಸಿ ಆಗಿದೆ. ಉಜ್ಜಾಡುವ ಭಾಗಗಳು ಕಡಿಮೆಯಾದಷ್ಟು ಘರ್ಷಣೆ ಕಡಿಮೆ. ಸಿಲಿಂಡರ್ ದೊಡ್ಡದಾದಷ್ಟು ಅದರ ಗೋಡೆಗಳ ಮೂಲಕ ಸೋರಿಹೋಗುವ ಶಾಖದ ಪಾಲೂ ಕಡಿಮೆ. ಮ್ಯಾನ್ಯುಯಲ್ ಗೇರಿನ ಕಾರಿಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 22.38ರಿಂದ 24.8 ಕಿ.ಮೀ.ಗೆ ಏರಿದ್ದರ ಹಿಂದೆ ಇದರ ಪಾಲು ದೊಡ್ಡದು. ಅದಕ್ಕೆ ತೆತ್ತ ಬೆಲೆಯೂ ಇದೆ: ಹಿಂದಿನ ಎಂಜಿನ್ 90 ಪಿಎಸ್ ಶಕ್ತಿ ಕೊಡುತ್ತಿದ್ದರೆ ಇದು ಕೊಡುವುದು ಸುಮಾರು 82.

ಕಂಪನಿಯ ಮೈಲೇಜ್ ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಚಕ್ರ ತಿರುಗಿಸಿ ಅಳೆದದ್ದೆಂಬುದನ್ನು ಮರೆಯಬಾರದು. ನಾನು ಅಳೆಯುವುದು ಹಳೆಯ ಕ್ರಮದಲ್ಲಿ, ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮುಂದಿನ ಸಲ ಮತ್ತೆ ಫುಲ್ ಮಾಡಿಸುವಾಗ ಓಡಿದ ದೂರವನ್ನು ಹಿಡಿದ ಪೆಟ್ರೋಲಿನಿಂದ ಭಾಗಿಸಿ. ಶಿವಮೊಗ್ಗದ ಊರೊಳಗಿನ ಓಡಾಟದಲ್ಲಿ 16ರ ಆಸುಪಾಸು, ಬೆಂಗಳೂರಿನ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ಮೀರದಂತೆ ಹೋದರೆ 21 ಸಿಗುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಶಕ್ತಿ ಕಡಿಮೆಯಿರುವುದರಿಂದ ಈ ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ.

ಮೂರು ಸಿಲಿಂಡರಿನ ನಿಜವಾದ ಗುಣ ತಿಳಿಯುವುದು ಸಿಗ್ನಲ್‌ನಲ್ಲಿ ನಿಂತಾಗ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 180 ಡಿಗ್ರಿ ತಿರುಗಿದಾಗೊಮ್ಮೆ ಬರುವ ಹೊಡೆತ ಇಲ್ಲಿ 240 ಡಿಗ್ರಿಗೊಮ್ಮೆ ಬರುತ್ತದೆ. ಅದರ ಜೊತೆಗೆ ಎಂಜಿನ್ ಈ ತುದಿಯಿಂದ ಆ ತುದಿಗೆ ತೊಟ್ಟಿಲಿನಂತೆ ತೂಗುವ ಸ್ವಭಾವದ್ದು. ಎ.ಸಿ. ಹಾಕಿ ನ್ಯೂಟ್ರಲ್‌ನಲ್ಲಿ ನಿಂತು ಗೇರ್ ಲಿವರ್ ಮೇಲೆ ಅಂಗೈ ಇಟ್ಟರೆ ಸಣ್ಣಗೆ ಜುಮುಗುಟ್ಟುವುದು ತಿಳಿಯುತ್ತದೆ, ಬಾಟಲಿಯ ನೀರಿನಲ್ಲಿ ಉಂಗುರಗಳು ಏಳುತ್ತವೆ. ಕಾರು ಹೊರಟಿತೆಂದರೆ ಇದು ನೆನಪಿಗೂ ಬರುವುದಿಲ್ಲ. ಹಾಗೆ ನೋಡಿದರೆ, ನಾವೆಲ್ಲ ಕಾರು ಕಲಿತ 796 ಸಿಸಿಯ ಮಾರುತಿ 800 ಕೂಡ ಮೂರು ಸಿಲಿಂಡರಿನದೇ. ಆಗ ಯಾರೂ ಸಿಲಿಂಡರ್ ಎಣಿಸುತ್ತಿರಲಿಲ್ಲ.

ಘಟ್ಟದ ಮಾತೇ ಬೇರೆ. ಉಡುಪಿಯಿಂದ ಮರಳುವಾಗ ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಚಾಲು. ಸೋಮೇಶ್ವರ ದಾಟಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತತೊಡಗಿದಾಗ, ಹಳೆಯ ಕಾರು ಎರಡನೆಯ ಗೇರಿನಲ್ಲಿ ಎಳೆದುಕೊಳ್ಳುತ್ತಿದ್ದ ಕಡೆಯಲ್ಲೂ ಇದಕ್ಕೆ ಎರಡು ಬಾರಿ ಮೊದಲ ಗೇರ್ ಹಾಕಬೇಕಾಯಿತು. ಇದನ್ನು ದೋಷವೆನ್ನಲಾರೆ. ಈ ಎಂಜಿನ್ನಿನ ಪೂರ್ತಿ ಟಾರ್ಕ್ (ತಿರುಗಿಸುವ ಬಲ), ಅಂದರೆ 111.7 ನ್ಯೂಟನ್ ಮೀಟರ್, ಸಿಗುವುದು ಎಂಜಿನ್ ನಿಮಿಷಕ್ಕೆ 4300 ಸುತ್ತು (ಆರ್‌ಪಿಎಂ) ತಿರುಗುವ ಹೊತ್ತಿಗೆ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ ಅಲ್ಲಿಯವರೆಗೆ ತಿರುಗಲು ಬಿಟ್ಟರೆ ಸದ್ದು ಮಾಡುತ್ತಲೇ ಹತ್ತುತ್ತದೆ. ಆ ಸದ್ದಿಗೆ ಹೆದರಿ ಕಾಲು ಸಡಿಲಿಸಿದರೆ ಮಾತ್ರ ನಡುವೆ ಸುಸ್ತಾಗುತ್ತದೆ. ಒಬ್ಬಿಬ್ಬರೇ ಹೋಗುವಾಗ ಅದೇ ದಾರಿಯಲ್ಲಿ ಈ ಕಷ್ಟವೇ ಇಲ್ಲ.

ಆದ್ದರಿಂದ ಊರು, ಕಚೇರಿ, ತಿಂಗಳಿಗೊಮ್ಮೆ ಹೆದ್ದಾರಿ ಎನ್ನುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ತೀರ್ಥಹಳ್ಳಿಯಲ್ಲಿರುವ ನಮ್ಮ ಭಾವ, ವಾರಕ್ಕೊಮ್ಮೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟ ಇಳಿದು ಹತ್ತುವವರು, ಕೇಳಿದಾಗ ಬೇಡವೆಂದೆ. ಅವರಿಗೆ ಹೇಳಿದ್ದು ಇನ್ನೂ ಚಿಕ್ಕ ಎಂಜಿನ್ನಿನ ಹೆಸರು: ಅದೇ ಕಂಪನಿಯ ಫ್ರಾಂಕ್ಸ್‌ನಲ್ಲಿ ಬರುವ 998 ಸಿಸಿ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬಿಕೊಳ್ಳುವ ಎಂಜಿನ್. ಅದಕ್ಕೂ ಮೂರೇ ಸಿಲಿಂಡರ್, ಆದರೆ 100 ಪಿಎಸ್ ಶಕ್ತಿ, 147.6 ನ್ಯೂಟನ್ ಮೀಟರ್ ಟಾರ್ಕ್ 2000 ಆರ್‌ಪಿಎಂನಲ್ಲೇ ಕೈಗೆ ಸಿಗುತ್ತದೆ. ಕಂಪನಿ ಹೇಳುವ ಮೈಲೇಜ್ 21.5. ಭಾವ ಒಪ್ಪಿದ್ದಾರೆ, ಆದರೆ ಟೆಸ್ಟ್ ಡ್ರೈವ್ ಆಗುಂಬೆಯಲ್ಲೇ ಆಗಬೇಕು, ಐದೂ ಜನ ಕೂತೇ ಆಗಬೇಕು ಎಂದು ಶೋರೂಮಿನವರೊಡನೆ ಪಟ್ಟು ಹಿಡಿದು ಕೂತಿದ್ದಾರೆ.